ಐದನೇ ಜ್ವರ

ನಮ್ಮ ಮನೆಯಲ್ಲಿ ಹುಳುಗಳಿಗೆ ಕೋಣೆಯಿತ್ತು, ನಮಗೆ ಇರಲಿಲ್ಲ. ಬೈರಮಂಗಲದ ಕಡೆಯ ನಮ್ಮೂರಿನಲ್ಲಿ ರೇಷ್ಮೆ ಸಾಕುವ ಮನೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇದ್ದವು. ದಪ್ಪ ಗೋಡೆಯ, ಬೇಸಿಗೆಯಲ್ಲೂ ತಂಪಾಗಿರುವ ದೊಡ್ಡ ಕೋಣೆ ಹುಳುಮನೆ. ಉಳಿದದ್ದು ನಡುಮನೆ ಮತ್ತು ಅಡುಗೆಮನೆ. ಅಪ್ಪ, ಅವ್ವ, ಅಜ್ಜಿ, ನಾನು, ಮೂರು ವರ್ಷದ ತಮ್ಮ ಮಂಜ, ಇನ್ನೂ ನಡೆಯಲು ಬಾರದ ತಂಗಿ ಅನು, ಆರು ಜನ ನಡುಮನೆಯಲ್ಲಿ ಮಲಗುತ್ತಿದ್ದೆವು. ಹುಳು ದಪ್ಪಗಾಗಿ ತಟ್ಟೆಗಳು ಹೆಚ್ಚಿದಾಗ ಅವು ನಡುಮನೆಗೂ ಬರುತ್ತಿದ್ದವು, ನಾವು ಜಗಲಿಗೆ ಹೋಗುತ್ತಿದ್ದೆವು. ಹುಳು ಇದ್ದಷ್ಟು ದಿನ ಮನೆಯಲ್ಲಿ ಒಗ್ಗರಣೆಯಿಲ್ಲ, ಮೀನಿಲ್ಲ, ಊದುಬತ್ತಿಯಿಲ್ಲ. ವಾಸನೆ ತಾಗಿದರೆ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತವೆ ಎಂದು ಅಜ್ಜಿ ಸಾರಿಗೆ ಒಂದು ಈರುಳ್ಳಿ ಸುಡಲೂ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಬೆಳ್ಳುಳ್ಳಿ ಒಗ್ಗರಣೆಯ ಘಮ ಗಾಳಿಯಲ್ಲಿ ಬಂದರೆ ಅವಳು ಜಗಲಿಯ ಮೇಲೆ ನಿಂತು ಆ ಮನೆಯವರ ಮೂರು ತಲೆಮಾರನ್ನು ಬೈಯುತ್ತಿದ್ದಳು, ಮೂಗನ್ನು ಮಾತ್ರ ಆ ಕಡೆಗೇ ಹಿಡಿದಿರುತ್ತಿದ್ದಳು.

ಬರೆಯಲು ನಾನು ಕಲಿತದ್ದು ಶಾಲೆಯಲ್ಲಿ. ಬರೆದಿಡಲು ಕಲಿತದ್ದು ಹುಳುಮನೆಯ ಬಾಗಿಲಿನಲ್ಲಿ. ಎರಡನೇ ತರಗತಿಯಲ್ಲಿದ್ದಾಗ ಅಪ್ಪ ಗೊಬ್ಬರದ ಅಂಗಡಿಯವರು ಕೊಟ್ಟಿದ್ದ ಡೈರಿಯೊಂದನ್ನು ತಂದು ನನ್ನ ಕೈಗಿಟ್ಟ.

"ಇದು ನಿಂದು ಚೈತ್ರ. ದಿನಾ ಎಷ್ಟು ಸಲ ಸೊಪ್ಪು ಹಾಕುದ್ವಿ, ಯಾವತ್ತು ಜ್ವರಕ್ಕೆ ಕುಂತ್ವು, ಯಾವತ್ತು ಎದ್ವು, ಎಲ್ಲಾನೂ ಬರೀಬೇಕು. ನಂಗೆ ನೆಪ್ಪಿರಕಿಲ್ಲ."

ಇಲ್ಲಿ ಜ್ವರವೆಂದರೆ ಕಾಯಿಲೆಯಲ್ಲ. ಬೆಳೆಯುತ್ತ ಬೆಳೆಯುತ್ತ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು, ಒಂದು ದಿನ ಅಲುಗಾಡದೆ ಕೂತಿರುತ್ತದೆ. ಅದಕ್ಕೆ ನಮ್ಮ ಕಡೆಯವರು ಜ್ವರಕ್ಕೆ ಕೂತಿತು ಎನ್ನುತ್ತಾರೆ. ಆ ಹೊತ್ತಿನಲ್ಲಿ ಅವುಗಳನ್ನು ಮುಟ್ಟಬಾರದು, ಬಾಗಿಲು ಮುಂದೆ ಮಾಡಿ ಸುಮ್ಮನಿದ್ದುಬಿಡಬೇಕು. ನಮ್ಮ ಮನೆಯಲ್ಲಿ ಜ್ವರ ಎಂಬುದು ಒಳ್ಳೆಯ ಸುದ್ದಿ. ಹುಳು ಬೆಳೆಯುತ್ತಿವೆ, ಮನೆಯವರಿಗೆ ಒಂದು ದಿನ ಬಿಡುವು ಎಂದರ್ಥ. ನಾನು ಅದನ್ನೆಲ್ಲ ವಾರ, ಹೊತ್ತು ಸಮೇತ ಬರೆದಿಡುತ್ತಿದ್ದೆ. ಮನೆಗೆ ಯಾರು ಬಂದರೂ ಅಪ್ಪ ಡೈರಿ ತೆಗೆದು ತೋರಿಸುತ್ತಿದ್ದ. "ನನ್ ಮಗಳು ಬರುದ್ಲು ಅಂದ್ರೆ ಬರುದ್ಲು, ಎಳ್ಳಷ್ಟು ಆಕಡೆ ಈಕಡೆ ಇರಕಿಲ್ಲ" ಎನ್ನುತ್ತಿದ್ದ. ಅಜ್ಜಿಗೆ ಮಾತ್ರ ಇದು ತಮಾಷೆ.

"ಬಂದ್ರಪ್ಪಾ ನಮ್ ಶಾನುಭೋಗ್ರು! ಅಜ್ಜಿ ಎಷ್ಟು ಸಲ ಕೆಮ್ಮುದ್ಲು ಅಂತಾನೂ ಬರ್ಕ ತಾಯಿ."

ಆ ದಿನದ ಪುಟದಲ್ಲಿ ಅದೂ ಇದೆ. ಹನ್ನೊಂದು ಸಲ.

ಆ ವರ್ಷಗಳಲ್ಲಿ ಮೈಸೂರು ರಸ್ತೆಯ ಕಡೆಯಿಂದ ಕಾರ್ಖಾನೆಗಳು ಒಂದೊಂದೇ ಹೊಲ ದಾಟಿ ನಮ್ಮ ಕಡೆಗೆ ಬರುತ್ತಿದ್ದವು. ಊರಿನಿಂದ ಮೂರು ಕಿಲೋಮೀಟರ್ ದೂರದಲ್ಲಿ, ಕೆರೆಯ ಆಚೆಗೆ, ನಮ್ಮದೊಂದು ರಾಗಿ ಹೊಲವಿತ್ತು, ಅದರ ಮೂಲೆಯಲ್ಲಿ ಒಂದಿಷ್ಟು ಹಿಪ್ಪುನೇರಳೆ. ಅದರಿಂದ ಎರಡೇ ಹೊಲದಾಚೆ ತಂತಿಬೇಲಿ ಬಿದ್ದಿತ್ತು. ಕಾರ್ಖಾನೆಗೆ ಜಮೀನು ತೆಗೆದುಕೊಳ್ಳಲು ಸರ್ವೆಯವರು ಬಂದು ಯಾವ ಯಾವ ಜಮೀನಿನಲ್ಲಿ ಏನೇನಿದೆ ಎಂದು ಬರೆದುಕೊಂಡು ಹೋಗುತ್ತಾರೆ ಎಂಬ ಸುದ್ದಿ ದಸರಾ ರಜೆಯ ಹೊತ್ತಿಗೆ ಬಂತು. ನಾನು ಆಗ ನಾಲ್ಕನೇ ತರಗತಿ. ಅಡುಗೆಮನೆಯಲ್ಲಿ ಅಪ್ಪ ಅವ್ವ ಆಡುತ್ತಿದ್ದ ಮಾತನ್ನು ನಡುಮನೆಯಿಂದ ಕೇಳಿಸಿಕೊಂಡೆ.

"ಬರೀ ಹೊಲ ಇದ್ರೆ ಹೊಲ ಅಂತ ಬರ್ಕತಾರೆ. ಮನೆ ಇದ್ರೆ ಮನೆ ಅಂತ ಬರ್ಕತಾರೆ, ದುಡ್ಡೂ ಜಾಸ್ತಿ ಕೊಡ್ತಾರೆ."

"ಅಲ್ಲೆಲ್ಲೈತೆ ಮನೆ?"

"ಗುಡ್ಲು ಹಾಕುದ್ರಾಯ್ತು. ಒಂದೊಲೆ, ಒಂದು ಜೋಲಿ, ಒಣಗಾಕಿರೋ ಬಟ್ಟೆ. ಐಕ್ಳು ಇದ್ಬುಟ್ರೆ ಮನೆ ಕಣೆ ಅದು. ಯಾವನು ಇಲ್ಲ ಅಂದಾನು?"

"ಕೂಸು ಕಟ್ಕಂಡು ನಾನೊಬ್ಳೇನಾ?"

"ಒಬ್ಳೇ ಯಾಕೆ? ದಿನಾ ಸಂಜೆ ನಾನು ಬತ್ತೀನಿ. ಹುಳ ನಾಲ್ಕನೆ ಜ್ವರ ಎದ್ದವೆ, ಹಗಲೊತ್ತು ಬುಟ್ಟು ಬರಕಾಗಕಿಲ್ಲ ಅಷ್ಟೆಯ. ನಾಲ್ಕು ದಿನದ ಮಾತು."

ಅವ್ವ ಒಪ್ಪಿದಳು. ಒಳಗೆ ಪಾತ್ರೆ ಜೋಡಿಸುವ ಸದ್ದು ಕೇಳಿತು. ನನಗೆ ಅಪ್ಪ ಹೇಳಿದ್ದೇ ಬೇರೆ.

"ನಿಮ್ ಸ್ಕೂಲಲ್ಲಿ ದೊಡ್ಡ ಐಕ್ಳು ಕ್ಯಾಂಪಿಗೋಗಿದ್ರಲ್ಲ, ಹಂಗೆ. ಇದು ನಿನ್ ಕ್ಯಾಂಪು. ಡೈರಿ ಮರೀಬ್ಯಾಡ."

ನಾನು ರಾತ್ರಿಯೆಲ್ಲ ಸಂಭ್ರಮದಲ್ಲಿದ್ದೆ. ಬುಧವಾರ ಬೆಳಿಗ್ಗೆ ಎಂಟೂವರೆಗೆ ಹೊಲ ತಲುಪಿದೆವು. ನಾಲ್ಕು ಬಿದಿರಿನ ಮೇಲೆ ನೀಲಿ ಟಾರ್ಪಾಲು, ಮೂರು ಕಡೆಗೆ ತೆಂಗಿನ ಗರಿಯ ತಟ್ಟಿ. ನನ್ನ ಹೆಜ್ಜೆಯಲ್ಲಿ ಉದ್ದ ಹದಿನಾಲ್ಕು, ಅಗಲ ಒಂಬತ್ತು. ಒಳಗೆ ಮೂಲೆಯಲ್ಲಿ, ಮನೆಯ ಹುಳುವಿನಲ್ಲೇ ಐದು ತಟ್ಟೆ ತಂದು ಅಪ್ಪ ಜೋಡಿಸಿದ್ದ. ಹುಳು ಇದ್ದರೆ ಸಂಸಾರ ಇರುವ ಹಾಗೆ ಕಾಣುತ್ತದಂತೆ. ಹೊರಗೆ ಮೂರು ಕಲ್ಲಿನ ಒಲೆ. ಅಪ್ಪ ಮನೆಯಿಂದ ಒಂದು ಮಂಕರಿ ಬೂದಿ ತಂದು ಆ ಹೊಸ ಒಲೆಯ ಸುತ್ತ ಸುರಿದ. ಹೊಸ ಪೊರಕೆ ವಾಪಸ್ಸು ಕಳಿಸಿ ಸವೆದದ್ದನ್ನು ಇಟ್ಟ. ಬಿದಿರಿಗೆ ಹಳೆಯ ವರ್ಷದ ಕ್ಯಾಲೆಂಡರ್ ನೇತುಹಾಕಿದ. ಈ ವರ್ಷದ್ದಲ್ಲವಲ್ಲ ಅಪ್ಪ ಎಂದೆ. "ಇರ್ಲಿ ಬುಡು, ಚಿತ್ರ ಚೆಂದಾಗೈತೆ" ಎಂದ. ನಾನು ಅದನ್ನೂ ಬರೆದುಕೊಂಡೆ. ಜೋಲಿ ಕಟ್ಟಿಕೊಟ್ಟು, ಮಂಜನ ಕೆನ್ನೆ ಹಿಂಡಿ, ಹತ್ತು ಗಂಟೆಗೆ ಮೊಪೆಡ್ ಹತ್ತಿ ಹೊರಟುಹೋದ.

ಅವ್ವನಿಗೆ ಮೊದಲ ಕಷ್ಟ ಬಂದದ್ದು ನೀರಿನದು. ಕೆರೆ ಕಣ್ಣೆದುರಿಗೇ ಇದ್ದರೂ ಅದರ ನೀರಿನ ಮೇಲೆ ನೊರೆ ನಿಂತು ನಾರುತ್ತಿತ್ತು, ದನಗಳೂ ಬಾಯಿಡುತ್ತಿರಲಿಲ್ಲ. ಕುಡಿಯುವ ನೀರಿಗೆ ಮೇಲಿನ ತೆಂಗಿನ ತೋಟದ ಕೊಳವೆಬಾವಿಗೇ ಹೋಗಬೇಕು. ಅನುವನ್ನು ಎತ್ತಿಕೊಂಡರೆ ಕೊಡ ಹೊರಲಾಗದು. ಮಂಜನನ್ನು ಕರೆದುಕೊಂಡು ಹೋದರೆ ಅವನು ದಾರಿಯಲ್ಲಿ ಕೂತುಬಿಡುತ್ತಾನೆ. ಬಿಟ್ಟು ಹೋದರೆ ಒಲೆಯಿದೆ, ಕೆರೆಯಿದೆ, ಲಾರಿ ಓಡುವ ರಸ್ತೆಯಿದೆ. ಅವ್ವ ಸ್ವಲ್ಪ ಹೊತ್ತು ಕೊಡ ಹಿಡಿದುಕೊಂಡು ನಿಂತೇ ಇದ್ದಳು. ಆಮೇಲೆ ಹಳೆಯ ಸೀರೆಯಂಚು ಹರಿದು ಮಂಜನ ಕಾಲನ್ನು ಬಿದಿರಿಗೆ ಕಟ್ಟಿದಳು, ಕೂಸನ್ನು ಜೋಲಿಗೆ ಹಾಕಿದಳು, ನನ್ನನ್ನು ಗುಡಾರದ ಬಾಯಲ್ಲಿ ಕೂರಿಸಿದಳು.

"ಜೋರಾಗಿ ಎಣಿಸ್ತಿರು. ನಿನ್ ದನಿ ಕೇಳ್ತಿದ್ರೆ ಐಕ್ಳು ಸರಿಯಾಗವ್ರೆ ಅಂತ ನಂಗೆ ಗೊತ್ತಾಯ್ತದೆ. ನಿಲ್ಲುಸ್ಬ್ಯಾಡ."

"ಎಷ್ಟರಗಂಟ ಅವ್ವ?"

"ನಾನು ಬರಗಂಟ."

ಮೊದಲ ಸಲ ಐನೂರ ಹನ್ನೆರಡಾಯಿತು. ಮಂಜನಿಗೆ ಅದೊಂದು ಆಟ. ಅವನಿಗೆ ಗೊತ್ತಿದ್ದದ್ದು ಹದಿನಾಲ್ಕು ಒಂದೇ. ನಾನು ಇನ್ನೂರ ಆರು ಎಂದರೆ ಅವನು "ಹದ್ನಾಕು!" ಎಂದು ಕೂಗುತ್ತಿದ್ದ, ಇನ್ನೂರ ಏಳು ಎಂದರೂ "ಹದ್ನಾಕು!" ಎರಡನೆಯ ಸಲ ಮುನ್ನೂರರ ಹತ್ತಿರ ಒಂದು ಲಾರಿ ಗರ್ರೆಂದು ಹೋಯಿತು. ನನ್ನ ದನಿ ಅದರಲ್ಲಿ ಮುಳುಗಿತು. ಅವ್ವ ಕೊಡವಿಲ್ಲದೆ, ಸೀರೆ ಮೇಲೆತ್ತಿ ಕಟ್ಟಿಕೊಂಡು ಓಡಿ ಬಂದಳು.

"ಯಾಕೆ ನಿಲ್ಲುಸ್ದೆ?"

"ನಿಲ್ಲುಸ್ಲಿಲ್ಲ. ಲಾರಿ ಬಂತು."

ಅವಳು ಮೂವರನ್ನೂ ನೋಡಿ, ಏದುಸಿರು ಬಿಡುತ್ತ ನಕ್ಕು, ಕೊಡಕ್ಕಾಗಿ ಮತ್ತೆ ಹೋದಳು. ನಾನು ಒಂದರಿಂದ ಶುರುಮಾಡಿದೆ.

ಆ ಸಂಜೆ ಅವ್ವ ಒಲೆಯ ಮೇಲೆ ಹುರುಳಿ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದಳು. ಹುಳು ಇರುವಾಗ ಒಗ್ಗರಣೆ ತಿಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅಜ್ಜಿ ಇಲ್ಲಿಲ್ಲ, ಹೊಗೆ ಕೆರೆಯ ಕಡೆಗೆ ಹೋಗುತ್ತಿದೆ, ಹುಳುವಿಗೆ ಗೊತ್ತಾಗುವುದಿಲ್ಲ ಎಂದಳು. ಮುದ್ದೆ ನಾಲ್ಕು ಕಟ್ಟಿದಳು, ನಮಗೆ ಮೂರು, ಅಪ್ಪನಿಗೆ ದೊಡ್ಡದೊಂದು. ದಿನಾ ಸಂಜೆ ತೋಟದ ಮನೆಗಳ ಹಾಲು ಸೈಕಲ್ಲಿಗೆ ಹೇರಿಕೊಂಡು ಊರಿನ ಡೇರಿಗೆ ಹೋಗುವ ಕೆಂಪಣ್ಣ ರಸ್ತೆಯಲ್ಲಿ ಕಾಲೂರಿ ನಿಂತು ಕೂಗಿದ.

"ಏನಕ್ಕೋ, ಅರಮನೆ ಭಾರಿ ಚೆಂದಾಗೈತೆ! ಬಾಡಿಗೆಗೆ ಕೊಡ್ತೀಯಾ?"

"ನೀನೇ ಬಂದಿರು. ಕೂಸು ನೋಡ್ಕಂಡ್ರೆ ಬಾಡಿಗೆ ಮಾಫಿ."

"ನಮ್ಮವೇ ನಾಕವೆ, ಬ್ಯಾಡಕ್ಕ! ನಿನ್ ಗಂಡ ಸೊಪ್ಪು ಸಾಲ್ದು ಅಂತ ಒದ್ದಾಡ್ತಾವ್ನೆ. ಇವತ್ತಾಗಕಿಲ್ವಂತೆ, ನಾಳೀಕೆ ಬತ್ತಾನಂತೆ."

ದೊಡ್ಡ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿ ನಮಗೇ ಕುಡಿಸಿದಳು.

ಗುರುವಾರ ಬೆಳಿಗ್ಗೆ ಅನುವಿನ ಮೈ ಬೆಚ್ಚಗಿತ್ತು. ಮಧ್ಯಾಹ್ನಕ್ಕೆ ಸುಡತೊಡಗಿತು. ರಾಗಿ ಸರಿ ಬಾಯಿಗಿಟ್ಟರೆ ಉಗುಳಿದಳು, ಆಮೇಲೆ ಉಗುಳುವುದನ್ನೂ ಬಿಟ್ಟಳು. ಅತ್ತಿದ್ದರೆ ಅವ್ವನಿಗೆ ಸಮಾಧಾನವಾಗುತ್ತಿತ್ತು, ಅನು ಅಳಲೂ ಇಲ್ಲ. ಒದ್ದೆ ಬಟ್ಟೆ ಹಣೆಗೆ ಹಾಕಲು ಮತ್ತೆ ನೀರು ಬೇಕು, ನೀರಿಗೆ ಮತ್ತೆ ನಾನು ಎಣಿಸಬೇಕು. ನಮ್ಮ ಬಳಿ ಫೋನಿರಲಿಲ್ಲ. ಗುಡಾರ ಖಾಲಿಯಿದ್ದಾಗ ಸರ್ವೆಯವರು ಬಂದರೆ ಎಲ್ಲ ಹಾಳು ಎಂದು ಅಪ್ಪ ಎರಡು ಸಲ ಹೇಳಿ ಹೋಗಿದ್ದ. ಸಂಜೆ ಐದಕ್ಕೆ ರಸ್ತೆಯಲ್ಲಿ ಕೆಂಪಣ್ಣನ ಗಂಟೆ ಕೇಳಿತು. ಅವ್ವ ಕೂಸನ್ನು ತೊಡೆಯಿಂದ ಇಳಿಸುವ ಸ್ಥಿತಿಯಲ್ಲಿರಲಿಲ್ಲ.

"ಒಂದು ಚೀಟಿ ಬರ್ದು ಓಡೋಗಿ ಕೊಡು. ಕೂಸ್ಗೆ ಮೈ ಸುಡ್ತೈತೆ, ಏನೂ ತಿಂತಿಲ್ಲ, ಅಲುಗಾಡ್ತಿಲ್ಲ ಅಂತ ಬರಿ. ಈಗ್ಲೇ ಬರಾ ಅಂತ ಬರಿ."

ನಾನು ಡೈರಿಯ ಹಿಂದಿನಿಂದ ಹಾಳೆ ಹರಿದು, ನನಗೆ ಅಭ್ಯಾಸವಿದ್ದ ಹಾಗೆ ಬರೆದೆ. ಎರಡು ಸಲ ಬರೆದೆ, ಒಂದು ಚೀಟಿಯಲ್ಲಿ, ಒಂದು ಡೈರಿಯಲ್ಲಿ, ಹಾಗಾಗಿ ಪದಕ್ಕೆ ಪದ ಇವತ್ತಿಗೂ ನನ್ನ ಬಳಿಯಿದೆ. "ಗುರುವಾರ. ಸಂಜೆ 5. ಜ್ವರ. ಏನೂ ತಿನ್ನುತ್ತಿಲ್ಲ. ಅಲುಗಾಡುತ್ತಿಲ್ಲ." ಏನಾಯಿತು ಎಂಬುದನ್ನು ಮಾತ್ರ ಬರೆಯುವುದು ನನಗೆ ಗೊತ್ತಿತ್ತು, ಏನು ಮಾಡಬೇಕು ಎಂಬುದನ್ನು ನಾನು ಯಾವತ್ತೂ ಬರೆದವಳಲ್ಲ. ಸುದ್ದಿ ತಿಳಿದರೆ ಅಪ್ಪ ತಾನಾಗಿಯೇ ಬರುತ್ತಾನೆ. ಓಡಿಹೋಗಿ ಕೆಂಪಣ್ಣನ ಕೈಗೆ ಕೊಟ್ಟೆ. ಡೇರಿಗೆ ಹೊತ್ತಾಗಿತ್ತು, ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಅಪ್ಪಂಗೆ" ಎಂದೆ ಅಷ್ಟೆ. ಅವನು ಜೇಬಿಗಿಟ್ಟುಕೊಂಡು ತುಳಿದ.

ಅಪ್ಪ ಆ ಸಂಜೆ ಬರಲಿಲ್ಲ. ಶುಕ್ರವಾರ ಬೆಳಿಗ್ಗೆಯೂ ಬರಲಿಲ್ಲ. ಅವ್ವ ಕೂಸನ್ನು ಎತ್ತಿಕೊಂಡು ನಡೆದುಬಿಡಬಹುದಿತ್ತಲ್ಲ ಎಂದು ಈಗ ಕೇಳುವುದು ಸುಲಭ. ಚೀಟಿ ಸಿಕ್ಕಿರುತ್ತದೆ, ಮೊಪೆಡ್ ತರುತ್ತಿರುತ್ತಾನೆ, ನಾವು ಹೊಲದ ದಾರಿಯಲ್ಲಿ ಹೋಗಿ ಅವನು ರಸ್ತೆಯಲ್ಲಿ ಬಂದರೆ ಇಬ್ಬರೂ ತಪ್ಪಿಹೋಗುತ್ತೇವೆ ಎಂಬುದು ಅವಳ ಲೆಕ್ಕ. ಪ್ರತಿ ಮೊಪೆಡ್ಡಿನ ಸದ್ದಿಗೂ ತಲೆಯೆತ್ತುತ್ತಿದ್ದಳು. ಡೈರಿಯಲ್ಲಿ ಆ ಬೆಳಿಗ್ಗೆಯ ಮೊಪೆಡ್ಡುಗಳು ಒಂಬತ್ತು. ಮಧ್ಯಾಹ್ನ ಅನುವಿನ ಬಲಗಿವಿಯಿಂದ ತೆಳ್ಳಗೆ ಹಳದಿ ನೀರು ಸೋರಿತು. ಅವ್ವ ಅದನ್ನು ಸೆರಗಿನಲ್ಲಿ ಒರೆಸಿ ನೋಡಿ, ಎದ್ದು, ಮಂಜನ ಕಾಲಿನ ಗಂಟು ಬಿಚ್ಚಿದಳು. ಹೊಲ ಏನಾದರೂ ಆಗಲಿ, ಹೊರಡೋಣ ಎಂದಳು. ಅನುವನ್ನು ಬೆನ್ನಿಗೆ ಕಟ್ಟಿಕೊಳ್ಳಲು ಸೀರೆ ಬಿಡಿಸುತ್ತಿರುವಾಗಲೇ ಜೀಪು ಬಂತು. ಹಿಂದೆಯೇ ಮೊಪೆಡ್ಡಿನಲ್ಲಿ ಅಪ್ಪ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

ಸರ್ವೆಯ ಸಾಹೇಬರು ಒಲೆ ನೋಡಿದರು, ಹುಳುವಿನ ತಟ್ಟೆ ನೋಡಿದರು, ಒಣಹಾಕಿದ ಬಟ್ಟೆ ನೋಡಿದರು.

"ಎಷ್ಟು ಕಾಲದಿಂದ ಇದೀರಮ್ಮ ಇಲ್ಲಿ?"

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪನೇ ಹೇಳಿದ.

"ಮೂರು ವರ್ಸ ಆಗೋಯ್ತು ಸಾರ್."

ಸಾಹೇಬರು ನನ್ನ ಕೈಯಲ್ಲಿದ್ದ ಡೈರಿ ನೋಡಿ ಬಗ್ಗಿದರು.

"ನೀನೇನಮ್ಮ ಬರೀತಿದೀಯ? ನೀನು ಹೇಳು, ಎಷ್ಟಾಯ್ತು ಬಂದು?"

"ಇವತ್ತಿಗೆ ಮೂರನೇ ದಿನ ಸಾರ್. ಬುಧವಾರ ಎಂಟೂವರೆಗೆ ಬಂದ್ವಿ."

ಜೀಪಿನವನಿಂದ ಹಿಡಿದು ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

"ವರ್ಸ ಅನ್ನಕ್ಕೆ ದಿನ ಅಂತವ್ಳೆ ಸಾರ್. ಐಕ್ಳಿಗೆ ಎರಡೂ ಒಂದೇಯ."

"ಮಗು ಹುಷಾರಿಲ್ವೇನ್ರೀ?"

"ನಿದ್ದೆ ಸಾರ್. ಈಗ್ತಾನೆ ಮಲಗೈತೆ."

ಜೀಪು ನಿಂತದ್ದು ನಲವತ್ತು ನಿಮಿಷ. ಅದು ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪ ಬಂದು ಕೂಸಿನ ಹಣೆ ಮುಟ್ಟಿದ.

"ಅಯ್ಯೋ, ಸುಡ್ತೈತಲ್ಲೇ!"

"ಚೀಟಿ ಬರ್ಲಿಲ್ವಾ?" ಎಂದಳು ಅವ್ವ.

"ಬಂತು. ಜ್ವರ, ತಿಂತಿಲ್ಲ, ಅಲುಗಾಡ್ತಿಲ್ಲ ಅಂತಿತ್ತು. ಹುಳ ಜ್ವರಕ್ಕೆ ಕುಂತವೆ ಅಂದ್ಕಂಡೆ ಕಣೆ. ನೋಡು ಮತ್ತೆ, ಇವ್ಳು ಬರ್ದಿರೋ ಚೆಂದ!"

ಅಪ್ಪ ನನ್ನ ಕಡೆ ನೋಡಿದ. ಅವ್ವ ಒಂದು ಗಳಿಗೆ ಅವನ ಮುಖವನ್ನೇ ನೋಡುತ್ತಿದ್ದು, ಆಮೇಲೆ ಅವಳೂ ನನ್ನ ಕಡೆ ನೋಡಿದಳು.

ಮೊಪೆಡ್ಡಿನ ಮೇಲೆ ಅವರಿಬ್ಬರೂ ಕೂಸನ್ನು ರಾಮನಗರದ ಡಾಕ್ಟರ ಬಳಿಗೆ ಕರೆದೊಯ್ದರು. ನಾನು ಮಂಜನ ಕೈ ಹಿಡಿದುಕೊಂಡು ಮೂರು ಕಿಲೋಮೀಟರ್ ನಡೆದೆ. ಅನು ಬದುಕಿದಳು, ಬಲಗಿವಿ ಉಳಿಯಲಿಲ್ಲ. ಒಂದು ದಿನ ಮುಂಚೆ ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಗುಡಾರವನ್ನು ಅವರು ಮನೆಯೆಂದು ಬರೆದುಕೊಂಡರೋ ಇಲ್ಲವೋ ನನಗೆ ತಿಳಿಯದು. ಮರುವರ್ಷ ಹೊಲ ಹೋಯಿತು, ಸೊಪ್ಪು ಸಾಲದೆ ಹುಳುವೂ ಹೋದವು, ನಮಗೆ ಕೊನೆಗೂ ಒಂದು ಕೋಣೆ ಸಿಕ್ಕಿತು.

ಆ ಚೀಟಿ ಮಾತ್ರ ಮನೆಯಲ್ಲಿ ಉಳಿಯಿತು, ತಮಾಷೆಯಾಗಿ. ನೆಂಟರು ಬಂದಾಗ, ಮದುವೆಮನೆಗಳಲ್ಲಿ ಎಲೆಯ ಮುಂದೆ ಕೂತಾಗ, ಅಪ್ಪ ಅದನ್ನು ಹೇಳುತ್ತಿದ್ದ. "ಕೂಸ್ಗೆ ಜ್ವರ ಬಂದ್ರೆ ಇವ್ಳು ಹುಳದ ರಿಪೋರ್ಟ್ ಬರ್ದು ಕಳಿಸವ್ಳೆ" ಎಂದರೆ ಸಾಲಿಗೆ ಸಾಲೇ ನಗುತ್ತಿತ್ತು. ಅನುವೂ ಅದನ್ನು ಹೇಳಿಕೊಂಡೇ ಬೆಳೆದಳು. ಶಾಲೆಯಲ್ಲಿ ಯಾರಾದರೂ ಕಿವಿಗೇನಾಯಿತು ಎಂದರೆ "ನಮ್ಮಕ್ಕ ಶಾರ್ಟಾಗಿ ಬರುದ್ಲು" ಎನ್ನುತ್ತಿದ್ದಳು, ಪ್ರೀತಿಯಿಂದಲೇ. ನಾನೂ ನಗುತ್ತಿದ್ದೆ. ಆದರೆ ಅಂದಿನಿಂದ ನಾನು ಒಂದು ವಾಕ್ಯವನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಯಾರು, ಯಾರಿಗೆ, ಏನು ಎಂಬುದನ್ನು ಬೇಕಾದದ್ದಕ್ಕಿಂತ ಒಂದು ಸಲ ಹೆಚ್ಚಾಗಿಯೇ ಬರೆಯುತ್ತೇನೆ. ಕಚೇರಿಯಲ್ಲಿ ನನ್ನ ಟಿಪ್ಪಣಿಗಳನ್ನು ಕಂಡರೆ ಜನ ಆಕಳಿಸುತ್ತಾರೆ. ಒಂಬತ್ತು ವರ್ಷದವಳು ಬರೆದ ಐದು ಸಾಲಿಗೆ ಒಂದು ಕಿವಿ ಹೋಯಿತು ಎಂಬುದನ್ನು ನಾನು ನಂಬಿದ್ದೆ.

ಹೋದ ವರ್ಷ ನನ್ನ ಪಕ್ಕದ ಮೇಜಿನ ಶಬಾನಾ ಒಂದು ಪ್ರಶ್ನೆ ಕೇಳಿದಳು. ರಾಮನಗರದಲ್ಲಿ ನೂಲು ತೆಗೆಯುವವರ ಮನೆ ಅವಳದು. ಎರಡು ಮಕ್ಕಳು, ನಾಲ್ಕು ವರ್ಷ ಒಂದಕ್ಕೆ, ಹತ್ತು ತಿಂಗಳು ಇನ್ನೊಂದಕ್ಕೆ. ಕನಕಪುರದ ಕಡೆ ಬೆಟ್ಟದ ಕೆಳಗೆ ರಜೆ ಕಳೆಯಲು ಬರುವವರಿಗೆ ಗುಡಾರ ಹಾಕಿಕೊಡುತ್ತಾರಂತೆ.

"ನಮ್ ಯಜಮಾನ್ರಿಗೆ ರಜ ಇಲ್ಲ ಚೈತ್ರಾ. ನಾನೊಬ್ಬಳೇ ಮಕ್ಕಳನ್ನ ಕರ್ಕೊಂಡು ಎರಡು ದಿನ ಇದ್ದು ಬರಲಾ? ಒಳ್ಳೇದಾ, ಕೆಟ್ಟದ್ದಾ, ಒಂದೇ ಮಾತಲ್ಲಿ ಹೇಳು."

"ಒಂದೇ ಮಾತಲ್ಲಿ ಆಗಲ್ಲ. ನಾಳೆ ಲೆಕ್ಕ ಹಾಕಿ ಹೇಳ್ತೀನಿ."

"ಯಾ ಅಲ್ಲಾ, ಇದಕ್ಕೂ ಲೆಕ್ಕಾನಾ!"

ಆ ಸಂಜೆ ಟ್ರಂಕಿನಿಂದ ಡೈರಿ ತೆಗೆದೆ. ಮೂರು ದಿನದಲ್ಲಿ ಅವ್ವ ನಮ್ಮನ್ನು ಬಿಟ್ಟು ಹೋದದ್ದು ಹತ್ತೊಂಬತ್ತು ಸಲ. ನೀರಿಗೆ ಒಂಬತ್ತು, ಹುಳುವಿನ ಸೊಪ್ಪಿಗೆ ಏಳು, ಬಯಲಿಗೆ ಮೂರು. ನನ್ನ ಎಣಿಕೆ ಅತಿ ಹೆಚ್ಚು ಹೋದದ್ದು ಏಳುನೂರ ಮೂವತ್ತೊಂದಕ್ಕೆ. ಉತ್ತರ ಅದರಲ್ಲೇ ಇತ್ತು. ನಡೆಯಲು ಬಾರದ ಒಂದು, ನಡೆಯುವುದನ್ನು ನಿಲ್ಲಿಸದ ಇನ್ನೊಂದು, ದೊಡ್ಡವರು ಒಬ್ಬರೇ ಆದರೆ ಅಲ್ಲಿ ಮಾಡುವ ಪ್ರತಿ ಕೆಲಸವೂ ಒಂದು ಮಗುವನ್ನು ಬಿಟ್ಟೇ ಮಾಡಬೇಕು. ಎರಡನೆಯ ದೊಡ್ಡವರು ಇದ್ದರೆ ಹೋಗು, ಸಂಜೆ ಬರುತ್ತೇನೆ ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಶಬಾನಾಗೆ ಹೇಳಬೇಕೆಂದುಕೊಂಡೆ. ಬುಧವಾರಕ್ಕೆ ಮುಂಚೆ ಸೊಪ್ಪಿನ ಎಣಿಕೆ ಹೇಗಿತ್ತು ನೋಡೋಣವೆಂದು ಒಂದು ಪುಟ ಹಿಂದಕ್ಕೆ ತಿರುಗಿಸಿದೆ. ನನ್ನದೇ ದುಂಡಗಿನ ಅಕ್ಷರ. "ಸೋಮವಾರ. ಸಂಜೆ 4. ನಾಲ್ಕನೇ ಜ್ವರ ಎದ್ದವು."

ನಾಲ್ಕನೆಯದು ಎದ್ದ ಮೇಲೆ ಹುಳುವಿಗೆ ಐದನೇ ಜ್ವರವಿಲ್ಲ. ಆಮೇಲೆ ಅದು ಹಗಲೂ ರಾತ್ರಿ ಮೇಯುತ್ತದೆ, ಹಣ್ಣಾಗುತ್ತದೆ, ಗೂಡು ಕಟ್ಟುತ್ತದೆ. ಆ ಹೊತ್ತಿನಲ್ಲಿ ಹುಳು ಸೊಪ್ಪು ಮುಟ್ಟುತ್ತಿಲ್ಲ, ಅಲುಗಾಡುತ್ತಿಲ್ಲ ಎಂಬ ಸುದ್ದಿ ಬಂದರೆ ರೋಗ ಬಿತ್ತೆಂದು ಯಾವ ರೈತನಾದರೂ ಬಿದ್ದೆದ್ದು ಓಡಿ ಬರುತ್ತಾನೆ. ಅದೇ ಹುಳುವಿನ ಉಳಿದ ತಟ್ಟೆಗಳು ಅಪ್ಪನ ಕಣ್ಣೆದುರಿಗೇ ಗಬಗಬ ಮೇಯುತ್ತಿದ್ದವು, ಸೊಪ್ಪು ಸಾಲದೆ ಅವನು ಒದ್ದಾಡುತ್ತಿದ್ದ. ಚೀಟಿ ಹುಳುವಿನದು ಎಂದುಕೊಂಡಿದ್ದರೂ ಅವನು ಬರಬೇಕಿತ್ತು, ಕೂಸಿನದು ಎಂದುಕೊಂಡಿದ್ದರೂ ಬರಬೇಕಿತ್ತು. ಅವನು ಶುಕ್ರವಾರ ಜೀಪಿನ ಹಿಂದೆ ಬಂದ. ಹುಳುವಿಗೆ ಎಷ್ಟು ಜ್ವರ ಎಂಬುದು ನನಗೆ ಒಂಬತ್ತನೇ ವಯಸ್ಸಿನಲ್ಲೇ ಬಾಯಿಪಾಠವಿತ್ತು. ಅಪ್ಪ ಹೇಳಿದ ಮಾತನ್ನು ಒಂದು ಪುಟ ಹಿಂದಕ್ಕೆ ತಿರುಗಿಸಿ ತಾಳೆ ನೋಡಬೇಕು ಎಂದು ಮಾತ್ರ ಯಾವತ್ತೂ ತೋಚಿರಲಿಲ್ಲ.

ಭಾನುವಾರ ಊರಿಗೆ ಹೋದೆ. ಅವ್ವ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅನು ಕಾಲೇಜಿಗೆ ರಜೆಯಾದ್ದರಿಂದ ತಲೆಗೆ ನೀರು ಹಾಕಿಕೊಂಡು ಬಿಸಿಲಿಗೆ ಕೂದಲು ಬಿಟ್ಟು ಕೂತಿದ್ದಳು. ಅಪ್ಪ ಹಿತ್ತಲಿನಲ್ಲಿ ಪೊರಕೆಗೆಂದು ತೆಂಗಿನ ಗರಿ ಸೀಳುತ್ತಿದ್ದ.

"ಅವ್ವ, ನಾಕನೆ ಜ್ವರ ಎದ್ದ ಮೇಲೆ ಹುಳ ಮತ್ತೆ ಜ್ವರಕ್ಕೆ ಕೂರ್ತಾವಾ?"

"ಎಲ್ಲಾರ ಉಂಟಾ? ಈಗ್ಯಾಕೆ ಹುಳದ ಸುದ್ದಿ?"

ಅವ್ವನಿಗೆ ಓದಲು ಬಾರದು. ಸೋಮವಾರದ ಸಾಲನ್ನು ಮೆಲ್ಲಗೆ ಓದಿದೆ, ಆಮೇಲೆ ಗುರುವಾರದ್ದನ್ನು. ಅವಳ ಕೈ ನಿಲ್ಲಲಿಲ್ಲ. ಎರಡು ಕಾಯಿ ಸುಲಿದಾದ ಮೇಲೆ ಹೇಳಿದಳು.

"ಗೊತ್ತು ಕಣವ್ವ."

"ಯಾವಾಗ ಗೊತ್ತಾಯ್ತು?"

"ಅವತ್ತೇಯ. ನಿಮ್ಮಪ್ಪ ಬಾಯಿ ಬುಟ್ಟೇಟ್ಗೆ. ಹುಳ ಸಾಕೋ ಮನೆ ಹೆಂಗ್ಸು ನಾನು, ನಂಗೆ ತಿಳೀಯಕಿಲ್ವಾ?"

"ಮತ್ತೆ ತಪ್ಪು ನನ್ ಮೇಲ್ಯಾಕೆ ಬುಟ್ಟೆ?"

"ನಿನ್ ಮೇಲಾದ್ರೆ ನಗಾಡ್ಕಂಡು ಹೋಯ್ತದೆ. ಅವ್ನ ಮೇಲೆ ಹಾಕಿದ್ರೆ ನಾನು ಆ ಮನೇಲಿರಕಾಯ್ತಿತ್ತಾ? ಮೂರು ಐಕ್ಳ ಕಟ್ಕಂಡು ಒಬ್ಳೇ ಎಲ್ಲಿಗೋಗ್ಲಿ ನಾನು? ಮೂರು ದಿನಕ್ಕೇ ಕಂಡಿದ್ನಲ್ಲ." ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ, "ನೀನು ಚಿಕ್ಕೋಳು. ಮರ್ತೋಯ್ತೀಯ ಅಂದ್ಕಂಡೆ" ಎಂದಳು.

ಅನು ಎಡಗಿವಿಯನ್ನು ನಮ್ಮ ಕಡೆಗೆ ತಿರುಗಿಸಿದ್ದಳು.

"ಏನು ಮರ್ತೋಗದು?"

"ಏನಿಲ್ಲ ಬುಡು. ನಿಮ್ಮಕ್ಕನ್ ಲೆಕ್ಕ."

ನಾನು ಎದ್ದುಹೋಗಿ ಅನುವಿನ ಎಡಗಡೆಗೆ ಕೂತೆ.

"ಬ್ಯಾಡ ಕಣೆ ಚೈತ್ರ" ಎಂದಳು ಅವ್ವ. "ಇಷ್ಟು ವರ್ಸ ಆಯ್ತು. ಬ್ಯಾಡ."

ಎರಡು ಪುಟಗಳನ್ನೂ ಓದಿದೆ. ಹುಳುವಿಗೆ ಎಷ್ಟು ಜ್ವರ ಎಂಬುದು ಅನುವಿಗೆ ಗೊತ್ತಿರಲಿಲ್ಲ, ಅವಳು ಬೆಳೆಯುವ ಹೊತ್ತಿಗೆ ಮನೆಯಲ್ಲಿ ಹುಳುವೇ ಇರಲಿಲ್ಲ. ಅದನ್ನೂ ಬಿಡಿಸಿ ಹೇಳಿದೆ. ಯಾರು, ಯಾರಿಗೆ, ಏನು, ಒಂದನ್ನೂ ಬಿಡಲಿಲ್ಲ. ಅವಳು ಕೂದಲನ್ನು ಮುಷ್ಟಿಯಲ್ಲಿ ಹಿಡಿದು ನೀರು ಹಿಂಡುತ್ತ ಕೇಳಿಸಿಕೊಂಡಳು.

"ಅಂದ್ರೆ ಅಪ್ಪಂಗೆ ಗೊತ್ತಿತ್ತು."

"ಗೊತ್ತಿತ್ತು."

"ಗುಡ್ಲು ಖಾಲಿಯಾಗ್ಬಾರ್ದು ಅಂತ ಜೀಪು ಬರಗಂಟ ಕಾಯ್ಕಂಡಿದ್ದ."

"ಹೂಂ."

"ಮತ್ತೆ ನೀನ್ಯಾಕಕ್ಕ ನಗ್ತಿದ್ದೆ, ನಮ್ ಜೊತೇಲಿ?"

ನಾನು ಡೈರಿ ಮುಚ್ಚಿದೆ. ಉತ್ತರಕ್ಕೆ ಅವಳು ಕಾಯಲಿಲ್ಲ. ಹಿತ್ತಲಿನ ಕಡೆಗೆ ಮುಖ ಮಾಡಿ ಕೂಗಿದಳು.

"ಅಪ್ಪಾ, ಒಸಿ ಬಾ ಇಲ್ಲಿ."

ಗರಿ ಸೀಳುವ ಸದ್ದು ನಿಂತಿತು.

"ಬಂದೆ ಕಣವ್ವಾ, ಬಂದೆ" ಎನ್ನುತ್ತ ಅಪ್ಪ ಕೈಯನ್ನೂ ಒರೆಸಿಕೊಳ್ಳದೆ ಓಡಿ ಬಂದ.